ನಾಲ್ಕನೇ ಮನೆಯ ಶನಿ

ಪೀಚಿ ಹುಟ್ಟಿ ಮೂರು ವಾರ ಕಳೆಯುವಷ್ಟರಲ್ಲಿ ಅವಳ ತಾಯಿ ಜ್ವರ ಹಿಡಿದು ಮಲಗಿದಳು. ಮಾತ್ರೆ ನುಂಗಿದರೆ ಇಳಿಯುತ್ತಿತ್ತು, ಸಂಜೆಯಾದರೆ ಮತ್ತೆ ಏರುತ್ತಿತ್ತು. ಇತ್ತ ಮಗು ಹೊತ್ತು ಗೊತ್ತಿಲ್ಲದೆ ಕಿರುಚುತ್ತಿತ್ತು. ಡಾಕ್ಟರು ಬದಲಾದರು, ಔಷಧಿ ಬದಲಾಯಿತು, ಜ್ವರ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅಜ್ಜಿ, ಅಂದರೆ ತಂದೆಯ ತಾಯಿ, ಮಗು ಹುಟ್ಟಿದ ವೇಳೆಯನ್ನು ನೆನಪಿಟ್ಟುಕೊಂಡು ಹೋಗಿ ಜೋಯಿಸರಿಂದ ಜಾತಕ ಬರೆಸಿದಳು. ಜೋಯಿಸರು ಚೌಕಗಳ ಮೇಲೆ ಪೆನ್ಸಿಲ್ ತುದಿ ಓಡಿಸಿ, ಲಗ್ನದಿಂದ ಎಣಿಸುತ್ತಾ ಬಂದು ನಾಲ್ಕನೇ ಚೌಕದಲ್ಲಿ ನಿಲ್ಲಿಸಿದರು.

"ನಾಲ್ಕನೇ ಮನೆ ಅಂದ್ರೆ ತಾಯಿ ಮನೆ. ಅಲ್ಲಿ ಶನಿ ಕೂತಿದಾನೆ ನೋಡಿ, ಒಳ್ಳೆ ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ. ತಾಯಿ, ಮಗು ಒಂದೇ ಸೂರಿನ ಕೆಳಗೆ ಇರೋದು ತಾಯಿಗೆ ಒಳ್ಳೇದಲ್ಲ."

ಎರಡು ಬೀದಿ ಆಚೆ ತಂದೆಯ ಅಕ್ಕ ಇದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು, ಬಿಗಿಯಾದ ಬಟ್ಟೆ ಸಡಿಲ ಮಾಡಿ, ಸಡಿಲವಾದದ್ದನ್ನು ಬಿಗಿ ಮಾಡಿ ಬದುಕುತ್ತಿದ್ದವಳು. ಮಗುವನ್ನು ಬಟ್ಟೆ ಗಂಟಿನ ಹಾಗೆ ಎತ್ತಿಕೊಂಡು ಹೋದಳು. ಕೈಕಾಲು ಕಡ್ಡಿಯಂತಿದ್ದುದರಿಂದ 'ಪೀಚಿ' ಎಂದು ಕರೆದಳು. ಆ ಹೆಸರೇ ನಿಂತುಹೋಯಿತು.

ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದುದು ಇಷ್ಟೇ. ಪೀಚಿ ಬುದ್ಧಿ ಬಂದಾಗಿನಿಂದ ಇದನ್ನೇ ಕೇಳಿಕೊಂಡು ಬೆಳೆದಳು.

ಚಿಕ್ಕವಳಿದ್ದಾಗ ನಾಲ್ಕನೇ ಮನೆ ಎಂದರೆ ನಿಜವಾದ ಮನೆಯೇ ಎಂದುಕೊಂಡಿದ್ದಳು. ಬೀದಿಯ ಮೂಲೆಯಿಂದ ಎಣಿಸಿದರೆ ನಾಲ್ಕನೆಯದು ಗಡಿಯಾರ ರಿಪೇರಿಯವನ ಮನೆ. ಅವನ ಜಗಲಿಯ ಎದುರು ಹೋಗಿ ನಿಂತು ಒಳಗೆ ಇಣುಕುತ್ತಿದ್ದಳು. ಗಡಿಯಾರದವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, "ಏನು ಬೇಕು ಮರೀ?" ಎಂದರೆ, "ಶನಿ ಎದ್ದು ಹೋದನಾ?" ಎಂದು ಕೇಳಿದಳಂತೆ. ಅವನು ಆ ಮಾತನ್ನು ಬೀದಿಗೆಲ್ಲ ಹೇಳಿ ನಗಿಸಿದ. ಅತ್ತೆ ಮಾತ್ರ ನಗಲಿಲ್ಲ. ಆ ದಿನ ಯಂತ್ರ ಬಹಳ ಹೊತ್ತು ನಿಲ್ಲದೆ ಓಡಿತು.

ತಾಯಿಯನ್ನು ಪೀಚಿ ನೋಡುತ್ತಿರಲಿಲ್ಲವೆಂದಲ್ಲ. ಎರಡು ಬೀದಿ ಎಷ್ಟು ದೂರ? ತರಕಾರಿ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಕಣ್ಣಿಗೆ ಬೀಳುತ್ತಿದ್ದಳು. ಪೀಚಿಯನ್ನು ಕಂಡ ಕೂಡಲೇ ತಾಯಿ, ಹೊಸದಾಗಿ ಏನೋ ನೆನಪಾದವಳ ಹಾಗೆ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಿದ್ದಳು. ಆ ಮನೆಯಲ್ಲೇ ಬೆಳೆಯುತ್ತಿದ್ದ ಅಣ್ಣ ಜೊತೆಗಿದ್ದರೆ ಹಿಂತಿರುಗಿ ನೋಡಿ ನಾಲಗೆ ಚಾಚುತ್ತಿದ್ದ. ಅಪ್ಪ ಆಗಾಗ ಅಕ್ಕನನ್ನು ಮಾತಾಡಿಸುವ ನೆಪದಲ್ಲಿ ಬರುತ್ತಿದ್ದ. ಬಿಸ್ಕತ್ತಿನ ಪೊಟ್ಟಣ ಮೇಜಿನ ಮೇಲಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಪೀಚಿ ಮಗ್ಗಿ ಬರೆಯುವುದನ್ನು ನೋಡಿ, "ಬರ್ತೀನಿ ಅಕ್ಕಾ" ಎಂದು ಎದ್ದು ಹೋಗುತ್ತಿದ್ದ. ಅವನಿಗೆ ಯಾರ ಎದುರೂ ಬಾಯಿ ಇರಲಿಲ್ಲ.

ಒಮ್ಮೆ ಶಾಲೆಯಿಂದ ಬಂದವಳು ಬಾಯಿತಪ್ಪಿ "ಅಮ್ಮಾ" ಎಂದು ಅತ್ತೆಯನ್ನು ಕರೆದಳು. ಅತ್ತೆ ಕತ್ತರಿ ಕೆಳಗಿಟ್ಟಳು.

"ಏನಂದೆ?"

"ಅಮ್ಮ ಅಂದೆ."

"ಅನ್ನಬೇಡ. ಅತ್ತೆ ಅಂತಲೇ ಕರಿ. ಅಮ್ಮ ಅಂದ್ರೆ ಆ ಶನಿಗೆ ನನ್ನ ಅಡ್ರೆಸ್ ಕೊಟ್ಟ ಹಾಗೆ."

ಅತ್ತೆ ನಗುತ್ತಲೇ ಹೇಳಿದ್ದು. ಆದರೆ ಪೀಚಿಗೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅಲ್ಲಿಂದಾಚೆ ಅವಳು ಯಾರನ್ನೂ ಆ ಶಬ್ದದಿಂದ ಕರೆಯಲಿಲ್ಲ.

ಓದು ಅಷ್ಟಕ್ಕಷ್ಟೇ. ಕೈ ಮಾತ್ರ ಚುರುಕು. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಊರಿನ ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಅಲ್ಲಿಗೆ ಕಳಿಸುತ್ತಿದ್ದರು. ಅಚ್ಚಿಗೆ ಪ್ಲಾಸ್ಟರ್ ಹುಯ್ಯಬೇಕು, ಅದರ ಮೇಲೆ ಮೇಣದಲ್ಲಿ ವಸಡು ಕಟ್ಟಬೇಕು, ಒಂದೊಂದೇ ಹಲ್ಲನ್ನು ಸಾಲಾಗಿ ಕೂರಿಸಬೇಕು, ಬೇಯಿಸಬೇಕು, ಉಜ್ಜಿ ಹೊಳಪು ಕೊಡಬೇಕು. ಮೂಗಿಗೆ ಚುಚ್ಚುವ ವಾಸನೆ, ಕೂದಲಿಗೆಲ್ಲ ಬಿಳಿ ಧೂಳು. ಮುಖ ನೋಡದೆ ನೂರಾರು ಜನರಿಗೆ ನಗು ಮಾಡಿಕೊಟ್ಟಳು. ಜೊತೆಯವರು 'ಹಲ್ಲಕ್ಕ' ಎಂದು ಕರೆಯುತ್ತಿದ್ದರು. ಎರಡು ಕಡೆಯಿಂದ ಗಂಡು ಬಂದಿತ್ತು. ಜಾತಕದ ಮಾತು ಬರುತ್ತಲೇ ಬಂದವರು ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಹೋದರು. ಮನೆಯ ಸುಖವೂ ನಾಲ್ಕನೇ ಮನೆಯದೇ ಲೆಕ್ಕವಂತೆ. ಮೂರನೆಯವರನ್ನು ಅವಳೇ ಬರಬೇಡಿ ಎಂದಳು.

ಅಪ್ಪ ಸತ್ತ. ಕೆಲವು ವರ್ಷಗಳ ಮೇಲೆ ಅತ್ತೆ ಪಿತ್ತಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದಳು. ಮೈ ಹಳದಿಯಾಗಿ, ಇದ್ದ ಗಟ್ಟಿ ದೇಹ ಕರಗಿ, ಹಾಸಿಗೆಯಲ್ಲಿ ಒಂದು ಸುಕ್ಕಿನಷ್ಟೇ ಉಳಿದಳು. ಒಂದು ಮಧ್ಯಾಹ್ನ ಪೀಚಿ ಅವಳ ತುಟಿಗೆ ಒದ್ದೆ ಹತ್ತಿ ಹಚ್ಚುತ್ತಿದ್ದಾಗ ಅತ್ತೆ ಕಣ್ಣು ಬಿಟ್ಟು, "ಈಗ ಕರಿಯೇ," ಎಂದಳು.

"ಯಾರನ್ನ ಅತ್ತೆ? ನರ್ಸನ್ನಾ?"

"ನನ್ನ. ಆ ಹೆಸರಿಂದ. ಇನ್ನೇನು ಕಿತ್ಕೊಳ್ತಾನೆ ಅವನು ನನ್ನಿಂದ?"

ಪೀಚಿ ಬಾಯಿ ತೆರೆದಳು. ಶಬ್ದ ಹೊರಡಲಿಲ್ಲ. ಅಷ್ಟು ವರ್ಷ ಬೀಗ ಹಾಕಿಟ್ಟ ಬಾಗಿಲು ಒಮ್ಮೆಲೇ ತೆಗೆ ಎಂದರೆ ತೆರೆಯುತ್ತದೆಯೇ? "ಅತ್ತೆ, ಆಯಾಸ ಮಾಡ್ಕೋಬೇಡ," ಎಂದಳು. ಅತ್ತೆ ತಲೆ ಆಡಿಸಿ ಕಣ್ಣು ಮುಚ್ಚಿದಳು. ಆ ವಾರವೇ ಹೋಗಿಬಿಟ್ಟಳು. ಶವ ನೋಡಲು ಬಂದ ಬಳಗದವರಲ್ಲಿ ಒಬ್ಬಳು ಇನ್ನೊಬ್ಬಳಿಗೆ, "ಸಾಕಿದವಳನ್ನೂ ಬಿಡಲಿಲ್ಲ ನೋಡು ಆ ಶನಿ," ಎಂದದ್ದು ಪೀಚಿಯ ಕಿವಿಗೆ ಬಿತ್ತು. ಹೇಳಿದವಳಿಗೆ ಆಗ ಚಹಾ ಕೊಡುತ್ತಿದ್ದವಳೂ ಪೀಚಿಯೇ.

ತಾಯಿ ಅಂದು ಬಾಗಿಲವರೆಗೆ ಬಂದು ಹೋದಳು. ಒಳಗೆ ಬರಲಿಲ್ಲ.

*

ಪೀಚಿಗೆ ನಲವತ್ತು ದಾಟಿದ ಮೇಲೆ ಒಂದು ದಿನ ಮಧ್ಯಾಹ್ನ ಅಣ್ಣ ಲ್ಯಾಬಿಗೆ ಬಂದ. ಅವನದು ಡ್ರೈವಿಂಗ್ ಶಾಲೆ; ಕಾರು ಕಲಿಸುವವರ ಗತ್ತು ನಡಿಗೆಯಲ್ಲೂ ಇತ್ತು. ಅಷ್ಟು ವರ್ಷದಲ್ಲಿ ಅವನು ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಸ್ಟೂಲಿನ ಮೇಲಿನ ಪ್ಲಾಸ್ಟರ್ ಧೂಳನ್ನು ಕರವಸ್ತ್ರದಿಂದ ಒರೆಸಿ ಕೂತ.

"ಅಮ್ಮನಿಗೆ ಸ್ಟ್ರೋಕ್ ಆಗಿದೆ ಗೊತ್ತಾ?"

"ಗೊತ್ತು. ಬೀದಿಯವರು ಹೇಳಿದ್ರು."

"ಎಡಗೈ, ಎಡಗಾಲು ಎರಡೂ ಹೋಗಿದೆ. ಮಾತು ಸ್ವಲ್ಪ ತೊದಲುತ್ತೆ. ನಿಮ್ಮ ಅತ್ತಿಗೆಗೆ ಬೆನ್ನು ನೋವು, ಎತ್ತಿ ಇಳಿಸೋಕಾಗಲ್ಲ. ನನಗಂತೂ ಬೆಳಗಾದ್ರೆ ಕ್ಲಾಸು." ಕರವಸ್ತ್ರ ಮಡಿಸಿ ಜೇಬಿಗಿಟ್ಟ. "ಜಾತಕ ತೋರಿಸಿದೆ. ಹಳೇ ಜೋಯಿಸರ ಮಗ ಈಗ ನೋಡ್ತಾರೆ, ಎಲ್ಲ ಕಂಪ್ಯೂಟರಲ್ಲೇ. ಅವರು ಹೇಳಿದ್ರು, ಶನಿ ನಾಲ್ಕರಲ್ಲಿ ಸ್ವಂತ ಮನೇಲೇ ಕೂತಿದಾನಂತೆ. ಶನಿ ಅಂದ್ರೆ ಸೇವೆ. ನಾಲ್ಕು ಅಂದ್ರೆ ತಾಯಿ. ತಾಯಿ ಸೇವೆ ಈ ಮಗಳ ಕೈಯಿಂದಲೇ ಆಗಬೇಕು ಅಂತ ಬರೆದಿದೆ ಅಂತೆ."

ಪೀಚಿ ಕೈಯಲ್ಲಿದ್ದ ಮೇಣದ ಚಾಕುವನ್ನು ಕೆಳಗಿಡಲಿಲ್ಲ.

"ಅಣ್ಣ, ಒಂದು ಮಾತು. ಇವನು ಅದೇ ಶನಿನಾ, ಬೇರೆಯವನಾ?"

"ಅದೇನು ಹಾಗಂದ್ರೆ? ಅದೇ ಶನಿ."

"ಮನೆ?"

"ನಾಲ್ಕನೇದೇ."

"ಮತ್ತೆ ಅವನು ಒಳ್ಳೆಯವನಾಗಿದ್ದು ಯಾವಾಗ? ನನಗೆ ಯಾರೂ ಹೇಳಲೇ ಇಲ್ಲವಲ್ಲ."

ಅಣ್ಣನ ಮುಖ ಕೆಂಪಾಯಿತು. "ನಿನ್ನ ಹತ್ತಿರ ಮಾತಾಡೋದೇ ಕಷ್ಟ. ಯೋಚನೆ ಮಾಡು," ಎಂದು ಎದ್ದ. ಪ್ಯಾಂಟಿನ ಹಿಂಭಾಗದಲ್ಲಿ ಬಿಳಿ ಧೂಳು ಮೆತ್ತಿಕೊಂಡಿತ್ತು. ಪೀಚಿ ಹೇಳಲಿಲ್ಲ.

ಆ ಶನಿವಾರ ಅವಳೇ ಜೋಯಿಸರ ಮಗನ ಹತ್ತಿರ ಹೋದಳು. ಔಷಧಿ ಅಂಗಡಿಯ ಮೇಲಿನ ಕೋಣೆ, ಗೋಡೆಗೆ ತಾಗಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ವೇಳೆ ಹೇಳಿದ ಕೂಡಲೇ ಪರದೆಯ ಮೇಲೆ ಹನ್ನೆರಡು ಚೌಕ ಮೂಡಿದವು. ಅವನು ಮೆತ್ತಗಿನ ದನಿಯ ಮನುಷ್ಯ. ಅಜ್ಜಿಯ ಕಾಲದಿಂದ ನಡೆದದ್ದನ್ನೆಲ್ಲ ಹೇಳಿ ಅವಳು ಕೇಳಿದ್ದಕ್ಕೆ ಸಿಟ್ಟಾಗಲಿಲ್ಲ.

"ನಿಮ್ಮ ತಂದೆಯವರು ಇದನ್ನೇ ನೋಡಿ ತಾಯಿಯಿಂದ ದೂರ ಇಡಿ ಅಂದ್ರು. ನೀವು ಹತ್ತಿರ ಇಡಿ ಅಂತೀರಿ. ಯಾವುದು ಸರಿ?"

"ಎರಡೂ ಸರಿ ಅಮ್ಮ."

"ಅದು ಹೇಗೆ?"

"ನಿಮ್ಮ ಅಜ್ಜಿ ಬಂದು ಕೇಳಿದ್ದು, ಸೊಸೆಗೆ ಜ್ವರ ಯಾಕೆ ಬಿಡ್ತಿಲ್ಲ ಅಂತ. ನಿಮ್ಮ ಅಣ್ಣ ಕೇಳಿದ್ದು, ತಾಯೀನ ಯಾರು ನೋಡ್ಕೋಬೇಕು ಅಂತ. ಗ್ರಹ ಸುಮ್ಮನೆ ಕೂತಿರುತ್ತೆ. ನಾವು ಕೇಳಿದ್ದಕ್ಕೆ ಉತ್ತರ ಹುಡುಕಿ ಕೊಡ್ತೀವಿ."

"ನಾನು ಏನೂ ಕೇಳಿರಲಿಲ್ಲ."

"ಈಗ ಕೇಳಿ."

ಪೀಚಿ ಪರದೆಯನ್ನೇ ನೋಡಿದಳು. ನಾಲ್ಕನೇ ಚೌಕದಲ್ಲಿ 'ಶ' ಎಂಬ ಒಂದೇ ಅಕ್ಷರ. ಅವಳು ದಕ್ಷಿಣೆ ಇಟ್ಟು ಮೆಟ್ಟಿಲಿಳಿದು ಬಂದಳು.

ಆದರೂ ತಾಯಿಯನ್ನು ಕರೆತಂದಳು. ಜೋಯಿಸರ ಮಾತಿಗಲ್ಲ, ಅಣ್ಣನ ಮುಲಾಜಿಗಂತೂ ಅಲ್ಲ. ತಾಯಿಯಾದವಳು ತನ್ನ ಮನೆಯಲ್ಲಿ, ತನ್ನ ಕೈಗೆಟಕುವಲ್ಲಿ, ರಸ್ತೆ ದಾಟಿ ಆಚೆ ಹೋಗಲಾರದ ಹಾಗೆ ಇರುತ್ತಾಳೆ ಎಂಬ ಆಸೆ. ಅಂಥ ಆಸೆ ತನಗಿದೆ ಎಂದು ತಿಳಿದಾಗ ಅವಳಿಗೇ ನಾಚಿಕೆಯಾಯಿತು. ಅತ್ತೆಯ ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ, ಕಿಟಕಿಯ ಪಕ್ಕ ಮಂಚ ಹಾಕಿಸಿದಳು. ಹಗಲಿಗೆ ಒಬ್ಬ ಆಯಾಳನ್ನು ಗೊತ್ತು ಮಾಡಿದಳು. ಬೆಳಗ್ಗೆ ಸಂಜೆ ಎಲ್ಲವನ್ನೂ ತಾನೇ ಮಾಡಿದಳು: ಮೈ ಒರೆಸುವುದು, ಹೊರಳಿಸುವುದು, ಬೆನ್ನಿಗೆ ಪೌಡರ್ ಹಚ್ಚುವುದು, ಮೆತ್ತಗೆ ಬೇಯಿಸಿದ್ದನ್ನು ಚಮಚದಲ್ಲಿ ತಿನ್ನಿಸುವುದು. ಬಾಯಿ ಓರೆಯಾಗಿ ತಾಯಿಯ ಹಳೆಯ ಹಲ್ಲಿನ ಸೆಟ್ಟು ಕೂರುತ್ತಿರಲಿಲ್ಲ. ಡಾಕ್ಟರನ್ನು ಮನೆಗೇ ಕರೆಸಿ ಅಚ್ಚು ತೆಗೆಸಿ, ಹೊಸದೊಂದನ್ನು ತಾನೇ ಮಾಡಿದಳು. ಮುಖ ಗೊತ್ತಿದ್ದು ಹಲ್ಲು ಕೂರಿಸಿದ್ದು ಅದೇ ಮೊದಲು. ತಾಯಿ ಹಾಕಿಕೊಂಡು ಎರಡು ಸಲ ಅಗಿದು, "ನೋಯ್ತದೆ," ಎಂದು ಉಗುಳಿದಳು. ಪೀಚಿ ಉಜ್ಜಿ ಉಜ್ಜಿ ಸರಿಮಾಡಿಕೊಟ್ಟಳು. ಕೊನೆಗೆ ಒಪ್ಪಿದಳು.

ಮೊದಮೊದಲು ಮಾತೇ ಇರಲಿಲ್ಲ. ಆಮೇಲೆ ತಾಯಿ ಸ್ವಲ್ಪ ಸ್ವಲ್ಪ ಮಾತಾಡತೊಡಗಿದಳು. ಆಯಾಳ ಮೇಲೆ ದೂರು, ಅತ್ತಿಗೆಯ ಮೇಲೆ ದೂರು, ಚಹಾ ತಣ್ಣಗಾಯಿತೆಂದು ದೂರು. ಪೀಚಿಗೆ ಆ ದೂರೂ ಇಷ್ಟವಾಗುತ್ತಿತ್ತು. ಲ್ಯಾಬಿನಲ್ಲಿ ಜೊತೆಯವರಿಗೆ, "ನಮ್ಮಮ್ಮನ ಕಿರಿಕಿರಿ ನೋಡಬೇಕು," ಎಂದು ಹೇಳಿಕೊಂಡಳು. 'ನಮ್ಮಮ್ಮ' ಎಂದಾಗ ಏನೋ ಕದ್ದವಳ ಹಾಗೆ ಸುತ್ತ ನೋಡಿದಳು.

ಒಂದು ಭಾನುವಾರ ತಾಯಿಯ ಉಗುರು ಕತ್ತರಿಸುತ್ತಾ ಕೂತಿದ್ದಳು. ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಪೀಚಿ ಸಹಜವಾಗಿ ಎಂಬಂತೆ ಕೇಳಿದಳು:

"ಆ ಜೋಯಿಸರು ಹಾಗೆ ಹೇಳದೇ ಇದ್ದಿದ್ರೆ ನಾನು ನಿನ್ನ ಹತ್ತಿರವೇ ಬೆಳೀತಿದ್ದೆ ಅಲ್ವಾ?"

ತಾಯಿ ತನ್ನ ಬಲಗೈಯನ್ನೇ ನೋಡುತ್ತಿದ್ದಳು. ತೊದಲುತ್ತಾ, ತಡೆ ತಡೆದು ಹೇಳಿದಳು.

"ಅವರು ಹೇಳಿದ್ದು ಮೂರು ತಿಂಗಳು."

"ಏನು ಮೂರು ತಿಂಗಳು?"

"ದೂರ ಇಡೋಕೆ. ಮೂರು ತಿಂಗಳು ಇಟ್ಟು ಆಮೇಲೆ ಕರ್ಕೊಂಡು ಬನ್ನಿ, ಶನಿ ಕಾಟ ಕಮ್ಮಿ ಆಗುತ್ತೆ ಅಂದಿದ್ರು."

ಪೀಚಿಯ ಕೈ ನಿಂತಿತು.

"ಮತ್ತೆ?"

"ನೀನು ಹಗಲೂ ರಾತ್ರಿ ಅಳ್ತಿದ್ದೆ. ನಿನ್ನ ಕಳಿಸಿದ ದಿನ ನಾನು ನಿದ್ದೆ ಮಾಡಿದೆ. ಎಷ್ಟು ಚೆನ್ನಾಗಿ ಬಂತು ಗೊತ್ತಾ ನಿದ್ದೆ! ಜ್ವರಾನೂ ಬಿಡ್ತು. ಮೂರು ತಿಂಗಳಾದ ಮೇಲೆ ನಿನ್ನ ಅತ್ತೆ ನಿನ್ನ ಎತ್ಕೊಂಡು ಬಂದಳು. ಅವಧಿ ಮುಗೀತು, ತಗೋ ಅಂದಳು. ನಾನು ಇನ್ನೊಂದು ಸ್ವಲ್ಪ ದಿನ ಇಟ್ಕೊಳ್ಳಿ ಅಂದೆ. ಮತ್ತೆ ಬಂದಳು. ಮತ್ತೆ ಹಾಗೇ ಅಂದೆ. ಆಮೇಲೆ ಅವಳು ಬರೋದು ಬಿಟ್ಟಳು."

"ಬೀದಿಯಲ್ಲಿ ನನ್ನ ಕಂಡು ಆಚೆ ಹೋಗ್ತಿದ್ದೆಯಲ್ಲ?"

"ಏನಂತ ಮುಖ ತೋರಿಸಲಿ? ಶನಿ ಅಂದ್ರೆ ಜನ ಸುಮ್ಮನಾಗ್ತಿದ್ರು." ತಾಯಿ ಕೈ ಎಳೆದುಕೊಂಡು ಮತ್ತೆ ಚಾಚಿದಳು. "ಈ ಬೆರಳು ಬಿಟ್ಟುಹೋಯ್ತು ನೋಡು. ಕತ್ತರಿಸು."

ಪೀಚಿ ಕತ್ತರಿಸಿದಳು. ತುಂಡುಗಳನ್ನು ಕಾಗದದಲ್ಲಿ ಮಡಿಸಿ ಕಸಕ್ಕೆ ಹಾಕಿದಳು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತಳು. ಅತ್ತೆ ಎಲ್ಲವನ್ನೂ ತಿಳಿದವಳು. ಬದುಕಿರುವ ತನಕ ಒಂದು ಸಲವೂ ಬಾಯಿಬಿಡಲಿಲ್ಲ. ಹೆತ್ತವಳು ಬೇಡವೆಂದಳು ಎನ್ನುವುದಕ್ಕಿಂತ ಶನಿ ತಡೆದ ಎನ್ನುವುದು ಮಗುವಿಗೆ ಹಗುರ ಎಂದು ಆ ಗ್ರಹದ ತಲೆಗೇ ಎಲ್ಲವನ್ನೂ ಕಟ್ಟಿದ್ದಳು. 'ಅಮ್ಮ ಅನ್ನಬೇಡ' ಎಂದದ್ದೂ ಹೆದರಿಕೆಗೋ, ಅಥವಾ ಹೆತ್ತವಳು ಒಂದಲ್ಲ ಒಂದು ದಿನ ಬರುತ್ತಾಳೆಂದು ಅವಳ ಜಾಗ ಹಾಗೇ ಬಿಟ್ಟಿದ್ದಳೋ! ಕೇಳೋಣವೆಂದರೆ ಕೇಳಬೇಕಾದವಳು ಇಲ್ಲ. ಆಸ್ಪತ್ರೆಯಲ್ಲಿ ಅವಳು ಬೇಡಿದ ಒಂದೇ ಒಂದು ಶಬ್ದ ಈಗ ಪೀಚಿಯ ಬಾಯಿಗೆ ತಾನಾಗಿ ಬಂತು. ನಲ್ಲಿಯ ಸದ್ದಿನಲ್ಲಿ ಎರಡು ಮೂರು ಸಲ ಹೇಳಿದಳು. ಯಾವ ಉಪಯೋಗವೂ ಇರಲಿಲ್ಲ.

ಅಂದಿನಿಂದ ಸೇವೆಯಲ್ಲಿ ಒಂದು ಕೂದಲೆಳೆಯ ಕೊರತೆಯೂ ಆಗಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. ಲ್ಯಾಬಿನಲ್ಲಿ ಪ್ಲಾಸ್ಟರ್ ಅಚ್ಚನ್ನು ಹಿಡಿಯುವ ಹಾಗೆ ತಾಯಿಯನ್ನು ಹಿಡಿಯುತ್ತಿದ್ದಳು: ಎಚ್ಚರಿಕೆಯಿಂದ, ಅಷ್ಟೇ.

*

ಕೆಲವು ತಿಂಗಳ ನಂತರ ಅಣ್ಣ ಹಣ್ಣಿನ ಚೀಲ ಹಿಡಿದು ಬಂದ. ತಾಯಿಯ ಮುಖ ಅರಳಿತು. ಅವಳ ಪಕ್ಕ ಕೂತು, ಬೆಡ್‌ಶೀಟಿನ ಅಂಚು ಸರಿಮಾಡಿ, ಪೀಚಿಯ ಕಡೆ ತಿರುಗಿದ.

"ಅಪ್ಪನ ಮನೆ ಮಾರೋಣ ಅಂತಿದೀನಿ. ನಿನ್ನದೊಂದು ಸಹಿ ಬೇಕು, ನನಗೆ ಭಾಗ ಬೇಡ ಅಂತ."

"ಯಾಕೆ ಬೇಡ?"

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಜೋಯಿಸರನ್ನ ಕೇಳಿದೆ. ನಾಲ್ಕನೇ ಮನೆ ಅಂದ್ರೆ ಆಸ್ತಿನೂ ಹೌದಂತೆ, ಮನೆ, ನೆಲ ಎಲ್ಲ. ಅಲ್ಲಿ ಶನಿ ಇದ್ರೆ ಸ್ಥಿರಾಸ್ತಿ ಕೈಗೆ ಹತ್ತಲ್ಲ. ಇಟ್ಕೊಂಡ್ರೆ ನಿನಗೇ ತೊಂದರೆ."

ಪೀಚಿಗೆ ನಗು ತಡೆಯಲಾಗಲಿಲ್ಲ. ಒಂದೇ ಚೌಕ, ಒಬ್ಬನೇ ಶನಿ. ಎಳೆಮಗುವನ್ನು ಮನೆಯಿಂದ ಆಚೆ ಹಾಕಲೂ ಅವನೇ, ಮುದುಕಿಯನ್ನು ಒಳಗೆ ಹೊರಿಸಲೂ ಅವನೇ, ಈಗ ಭಾಗ ಕೇಳಬೇಡ ಎನ್ನಲೂ ಅವನೇ. ಪಾಪ, ಇಷ್ಟು ದುಡಿಯುವ ಆಳು ಈ ಮನೆತನದಲ್ಲೇ ಇರಲಿಲ್ಲ.

"ನಗೋದೇನಿದೆ ಅದ್ರಲ್ಲಿ?"

"ತೊಂದರೆ ನನಗೆ ರೂಢಿ ಆಗಿದೆ ಅಣ್ಣ. ಇರಲಿ ಬಿಡು. ನಾನು ಸಹಿ ಹಾಕಲ್ಲ."

ಅಣ್ಣ ದನಿ ಏರಿಸಿದ. ಅವಳನ್ನು ಸಾಕಿದ್ದು ಯಾರು, ಮನೆಯ ತೆರಿಗೆ ರಸೀದಿಯಲ್ಲಿ ಹೆಸರು ಯಾರದು, ಆ ಮನೆಯಲ್ಲಿ ಒಂದು ದಿನವಾದರೂ ಮಲಗಿದ್ದಳಾ ಎಂದೆಲ್ಲ ಕೇಳಿದ. ಪೀಚಿ, "ಅದನ್ನ ಅಮ್ಮನ್ನೇ ಕೇಳು," ಎಂದಳು. ಇಬ್ಬರೂ ಮಂಚದ ಕಡೆ ನೋಡಿದರು.

ತಾಯಿ ಮಗಳನ್ನು ನೋಡಿ ಹೇಳಿದಳು. "ಹಾಕಿಬಿಡೇ. ಅವನಿಗೆ ಸಂಸಾರ ಇದೆ. ನಿನಗೆ ಯಾರಿದಾರೆ?"

ಬೆಳಗ್ಗೆಯಷ್ಟೇ ಪೀಚಿ ಬಾಚಿ ಕಟ್ಟಿದ ಕೂದಲು, ಪೀಚಿ ಮಾಡಿದ ಹಲ್ಲು. ಆ ಹಲ್ಲಿನಿಂದಲೇ ಮಾತು ಸ್ಪಷ್ಟವಾಗಿ ಬಂದಿತ್ತು.

ಅವಳು ಸಹಿ ಹಾಕಲಿಲ್ಲ. ಅಣ್ಣ, "ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ," ಎಂದು ಹೋದ. ಹೇಳಿದ ಹಾಗೆಯೇ ನಡೆದುಕೊಂಡ. ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ಮಾತ್ರ ಅನ್ನಲಿಲ್ಲ.

ತಾಯಿ ಕಾಯತೊಡಗಿದಳು. ಪೀಚಿ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು.

"ಅವನು ಬರ್ತೀನಿ ಅಂದನಾ?"

"ಇಲ್ಲ."

"ಫೋನಾದ್ರೂ?"

"ಇಲ್ಲ."

ಹಗಲಿಡೀ ಇರುತ್ತಿದ್ದ ಆಯಾ ಒಮ್ಮೆ ಪಡಸಾಲೆಗೆ ಕರೆದು, "ಅಕ್ಕಾ, ಫೋನ್ ಮಾಡಿದ್ದ, ಕೇಳಿದ್ದ ಅಂತ ಒಂದು ಸುಳ್ಳು ಹೇಳಬಾರದಾ? ಮುದುಕಿಗೆ ಸಮಾಧಾನ ಆಗುತ್ತೆ," ಎಂದಳು. ಪೀಚಿ, "ಸುಳ್ಳು ಹೇಳಿ ಯಾರನ್ನೂ ಉದ್ಧಾರ ಮಾಡಿದವರಿಲ್ಲ," ಎಂದಳು. ಮಾತು ದೊಡ್ಡದಾಗಿತ್ತು, ಆದರೆ ನಿಜವಾದ ಕಾರಣ ಅದಾಗಿರಲಿಲ್ಲ. ದಿನಾ ಸಂಜೆ ಆ 'ಇಲ್ಲ' ಹೇಳುವಾಗ ಅವಳ ನಾಲಗೆಗೆ ಒಂದು ರುಚಿ ಸಿಗುತ್ತಿತ್ತು. ಬಸ್ಸಿನಲ್ಲಿ ಬರುವಾಗಲೇ ಅದಕ್ಕಾಗಿ ಕಾಯುತ್ತಿದ್ದಳು. ಒಂದು ದಿನ ತಾಯಿ ನಿದ್ದೆ ಹೋಗಿ ಕೇಳದೇ ಇದ್ದಾಗ, ಬೇಕಾದ್ದೇನೋ ಸಿಗಲಿಲ್ಲವೆಂಬಂತೆ ಕೋಣೆಯಲ್ಲಿ ಪಾತ್ರೆ ಸದ್ದು ಮಾಡಿದಳು. ತಾಯಿ ಎಚ್ಚರಾಗಿ ಕೇಳಿದಳು. ಪೀಚಿ ಹೇಳಿದಳು. ಆಮೇಲೆ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲು ಅವಳಿಗೆ ಆಗಲಿಲ್ಲ. ಆದರೂ ಮರುದಿನ ಬಿಡಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ತಾಯಿಯ ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರು ಕೈಚೆಲ್ಲಿದರು. ಪೀಚಿ ಲ್ಯಾಬಿಗೆ ರಜೆ ಹಾಕಿ ಪಕ್ಕದಲ್ಲೇ ಕೂತಳು. ತಾಯಿ ಕೊನೆಯವರೆಗೂ ಒಂದೇ ಹೆಸರು ಹೇಳಿದಳು, ಮಗನದು. ಮಾತು ನಿಂತ ಮೇಲೂ ತುಟಿ ಅದನ್ನೇ ಆಡಿಸುತ್ತಿತ್ತು. ಬಾಯಿಯ ಆಕಾರ ನೋಡಿದರೆ ಸಾಕು, ಪೀಚಿಗೆ ಗೊತ್ತಾಗುತ್ತಿತ್ತು. ಬೆಳಗ್ಗೆ ಹಾಲಿನವನು ಬರುವ ಹೊತ್ತಿಗೆ ಉಸಿರು ನಿಂತಿತು.

ಅಣ್ಣನಿಗೆ ಫೋನ್ ಮಾಡಿದಳು. ಬಂದ. ಒಮ್ಮೆಗೆ ಎರಡೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಂದು ಮಂಚದ ಪಕ್ಕ ಕುಸಿದ. ನಾಟಕವಾಡುತ್ತಾನೆ ಎಂದುಕೊಂಡಿದ್ದಳು, ನಾಟಕವಾಗಿರಲಿಲ್ಲ. ತಲೆ ನರೆತ, ಹೊಟ್ಟೆ ಬಂದ ಗಂಡಸು ಚಿಕ್ಕ ಹುಡುಗನ ಹಾಗೆ ತಾಯಿಯ ಕಾಲು ಹಿಡಿದು ಅತ್ತ. ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ತಂಗಿಯ ಕಡೆ ನೋಡಿದ.

"ಕೊನೇಲಿ ನನ್ನ ಕೇಳಿದಳಾ?"

ಪೀಚಿ ಬಾಯಿ ತೆರೆದುಕೊಳ್ಳದಿರಲೆಂದು ತಾಯಿಯ ಗದ್ದಕ್ಕೆ ಕಟ್ಟಲು ಬಟ್ಟೆಯ ಪಟ್ಟಿ ಹರಿಯುತ್ತಿದ್ದಳು. ಆಯಾ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು.

"ಇಲ್ಲ," ಎಂದಳು ಪೀಚಿ.

ಅಣ್ಣ ತಲೆ ತಗ್ಗಿಸಿದ. ಆಯಾ ಒಳಗೆ ಹೋದಳು. ಪೀಚಿ ಪಟ್ಟಿಯನ್ನು ಸರಿಯಾಗಿ ಮಡಿಸಿ, ತಾಯಿಯ ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದಳು.